ನೀರ ಬಂದಾವ, ಏಳ್ರೀ

ಈ ಮಾತನ್ನು ಹಗಲಿನಲ್ಲಿ ಹೇಳಿದರೆ ನಗುತ್ತೀರಿ. ಅದಕ್ಕೇ ಕರೆಂಟು ಹೋಗುವತನಕ ಕಾದೆ.

ನಾನು ಕಾಠ್ಮಂಡುವಿನ ಛತ್ರದಲ್ಲಿ ಮಲಗಿದವಳು, ನೈರೋಬಿಯ ಬಸ್ ನಿಲ್ದಾಣದಲ್ಲೂ. ದೆವ್ವ ಎಲ್ಲಿಯೂ ನನ್ನನ್ನು ಎಬ್ಬಿಸಿಲ್ಲ. ತಿಗಣೆ ಎಬ್ಬಿಸಿದ್ದುಂಟು. ಆದರೆ ಇದು ನನ್ನ ಚಿಗವ್ವನ, ಅವ್ವನ ತಂಗಿಯ, ಮಗಳು ವಾಣಿಶ್ರೀಗೆ ಆದದ್ದು. ಬೆಟಗೇರಿಯಲ್ಲಿ.

ಅವತ್ತು ಅವಳು ಆಸ್ಪತ್ರೆಯಿಂದ ಮನೆ ಕಡೆ ಹೊರಟಾಗ ಸರಿರಾತ್ರಿ ಸಮೀಪಿಸಿತ್ತು. ಹಾಳುಬಾವಿ ದಾಟಿಯೇ ಅವರ ಓಣಿಗೆ ಹೋಗಬೇಕು. ಬಾವಿಯ ಮೇಲೆ ಕಬ್ಬಿಣದ ಜಾಳಿಗೆ, ಒಳಗೆ ಊರಿನ ಕಸ. ಅಷ್ಟು ಹೊತ್ತಿನಲ್ಲೂ ಖಟಕ್ ಪಟಕ್ ಅನ್ನಬೇಕಾದ ಮಗ್ಗಗಳು ಸುಮ್ಮನಿದ್ದವು. ನೇಯುವವರೆಲ್ಲ ಜ್ವರದಲ್ಲಿ ಮಲಗಿದ್ದರು.

ಟೈಫಾಯ್ಡ್. ವಾಣಿ ನರ್ಸು, ಜ್ವರ ಎಲ್ಲಿಂದ ಬಂತು, ಯಾರಿಂದ ಯಾರಿಗೆ ಹೋಯಿತು ಎಂದು ಮನೆಮನೆ ಕೇಳುವ ಕೆಲಸ ಅವಳಿಗೇ ಬಿತ್ತು, ಓಣಿಯವಳು ಎಂದು. ಮೊದಲು ಸತ್ತವಳು ಹನಮಂತವ್ವ. ಅಲ್ಲಿ ನಳಕ್ಕೆ ನೀರು ಬರುವುದು ಹತ್ತು-ಹದಿನೈದು ದಿನಕ್ಕೊಮ್ಮೆ, ಅದೂ ರಾತ್ರಿ. ಹನಮಂತವ್ವ ನಿದ್ದೆಗೆಟ್ಟು ಕಾಯುತ್ತಿದ್ದಳು. ನಳ ಸುಂಯ್ ಅಂದರೆ ಸಾಕು, ಬಳೆಗೈಯಿಂದ ಒಂದೊಂದೇ ಬಾಗಿಲು ತಟ್ಟುತ್ತ ಹೋಗುತ್ತಿದ್ದಳು. "ನೀರ ಬಂದಾವ... ಏಳ್ರೀ..."

ವಾಣಿಗೆ ಜ್ವರದ ದಾರಿ ಸಿಕ್ಕಿತ್ತು. ನೀರು ಮೇಲೆ ಹತ್ತುವುದಿಲ್ಲವೆಂದು ಜನ ಅಂಗಳ ಅಗೆದು ನಳವನ್ನು ತಗ್ಗಿನಲ್ಲಿ ಕೂಡಿಸಿದ್ದರು. ಆ ತಗ್ಗಿಗೆ ಗಟಾರ ಸೋರುತ್ತಿತ್ತು. ತಗ್ಗಿನಿಂದ ಪೈಪಿಗೆ, ಪೈಪಿನಿಂದ ಹೊಟ್ಟೆಗೆ. ಅವಳೇ ಓಡಾಡಿ ಓಣಿಯ ವಾಲ್ವ್ ಮುಚ್ಚಿಸಿದಳು. ನಗರಸಭೆಯವರು ಟ್ಯಾಂಕರ್ ಕಳಿಸುತ್ತೇವೆ ಅಂದರು. ಒಮ್ಮೆ ಬಂತು. ಆಮೇಲೆ ಟ್ಯಾಂಕರೂ ದೆವ್ವವಾಯಿತು. ಎಲ್ಲರೂ ಅದರ ಮಾತಾಡುವರು, ಕಂಡವರಿಲ್ಲ.

ಆದರೆ ವಾಲ್ವ್ ಮುಚ್ಚಿ ತಿಂಗಳಾದರೂ ಹೊಸ ಜ್ವರ ನಿಲ್ಲಲಿಲ್ಲ. ಕೇಳಿದರೆ ಒಂದೇ ಮಾತು, "ರಾತ್ರಿ ನೀರ ತುಂಬಿದ್ವಿ." ವಾಣಿ ರಾತ್ರಿಯೆಲ್ಲ ವಾರ್ಡಿನಲ್ಲೇ ಇರುತ್ತಿದ್ದವಳು. ಅವತ್ತು ಮನೆಗೆ ಹೊರಟದ್ದು ಅವ್ವನಿಗಾಗಿ. ಬೆಳಗಿನ ಬಸ್ಸಿಗೆ ಅವಳನ್ನು ಶಿರಹಟ್ಟಿಗೆ, ಸೋದರಮಾವನ ಮನೆಗೆ ಸಾಗಿಸಬೇಕಿತ್ತು.

ಬಾವಿಯ ಹತ್ತಿರ ಸೈಕಲ್ಲಿನ ಕಿರ್ರ್ ಸದ್ದು. ನೀರು ಬಿಡುವ ಖಾಸಿಂಸಾಬ.

"ಚಾಚಾ, ಖರೆ ಹೇಳ್ರಿ. ನಮ್ಮ ಓಣಿಗೆ ಕದ್ದು ನೀರ ಬಿಡಾಕತ್ತೀರೇನು?"

"ಅಲ್ಲಾನ ಆಣಿರಿ ಅಕ್ಕಾರ. ನೀವು ಮುಚ್ಚಂದಾಗಿಂದ ಆ ವಾಲ್ವ್ ಮುಟ್ಟಿಲ್ಲ."

"ಮತ್ತ ಮಂದಿ ಎಲ್ಲಿಂದ ತುಂಬ್ತಾರ?"

ಅವನು ಓಣಿಯ ಕತ್ತಲ ಕಡೆ ನೋಡಿದ. ದನಿ ಇಳಿಯಿತು. "ಅದನ್ನ... ಇಲ್ಲಿ ನಿಂತು ಕೇಳಬ್ಯಾಡ್ರಿ. ಜಲ್ದಿ ಮನಿಗೆ ಹೋಗ್ರಿ."

ಮನೆಯಲ್ಲಿ ಚಿಗವ್ವ ರೇಣುಕವ್ವ ಎಚ್ಚರಿದ್ದಳು. ವಾಣಿ ತಂದಿಟ್ಟ ಕ್ಯಾನಿನ ನೀರಿನ ಸೀಲು ಒಡೆದಿರಲಿಲ್ಲ. ಬ್ಯಾರಲ್ ಮಾತ್ರ ಕಂಠಮಟ್ಟ ತುಂಬಿತ್ತು.

"ಇದೆಲ್ಲಿದು ಬೇ? ಇದನ್ನ ಕುಡಿಯಾಕತ್ತೀಯೇನು?"

"ಆ ಕ್ಯಾನಿನ ನೀರಿಗೆ ರುಚೀನ ಇಲ್ಲ."

"ಅರಿವಿ ಕಟ್ಕೋ. ಮುಂಜಾನೆ ಶಿರಹಟ್ಟಿಗೆ ಹೋಗೂಣು."

"ನಿನ್ನ ಮಾವನ ಹೆಂಡ್ತಿ ಒಂದ ಚರಿಗಿ ನೀರಿಗೆ ಹತ್ತ ಮಾತ ಅಂತಾಳ. ನಾ ಒಲ್ಲೆ."

"ಇಲ್ಲೇ ಸಾಯ್ತೀಯೇನು?"

"ಸತ್ರ ಮೈ ತೊಳ್ಯಾಕರೆ ಇಲ್ಲಿ ನೀರ ಐತಿ."

ವಾಣಿ ದೀಪ ಆರಿಸಿದಳು. ನಿದ್ದೆ ಹತ್ತಲಿಲ್ಲ. ನಾಯಿಗಳೂ ಸುಮ್ಮನಾದವು. ಆಮೇಲೆ... ಓಣಿಯ ಆ ತುದಿಯಿಂದ. ಟಕ್ ಟಕ್. ಝಿಲ್. ಮುಂದಿನ ಬಾಗಿಲು. ಟಕ್ ಟಕ್. ಝಿಲ್. ಹತ್ತಿರ ಬಂತು. ಅವರದೇ ಬಾಗಿಲು.

"ನೀರ ಬಂದಾವ... ಏಳ್ರೀ..."

ಚಿಗವ್ವ ಆಗಲೇ ಸೆರಗು ಸಿಕ್ಕಿಸಿ ಕೊಡ ಎತ್ತಿದ್ದಳು.

"ಯಾರ ಬೇ ಅದು?" ವಾಣಿ ಪಿಸುಗುಟ್ಟಿದಳು.

"ಯಾರರೆ ಇರ್ಲಿ. ಸರಿ ಅತ್ತಾಗ."

ವಾಣಿ ಅವಳಿಗಿಂತ ಮೊದಲು ಹೊರಗೆ ಓಡಿದಳು. ತಟ್ಟಿದವರು ಯಾರೂ ಕಾಣಲಿಲ್ಲ. ಆದರೆ ಓಣಿಗೆ ಓಣಿಯೇ ಎದ್ದಿತ್ತು. ಪ್ರತಿ ತಗ್ಗಿನಲ್ಲಿ ಒಬ್ಬರು ಬಗ್ಗಿದ್ದರು. ಗುಳುಗುಳು... ಕೊಡ ತುಂಬುವ ಸದ್ದು. ಯಾರೂ ಮಾತಾಡುತ್ತಿರಲಿಲ್ಲ. ನೀರಿಗೆ ನಿಂತ ಬೆಟಗೇರಿ ಮಂದಿ ಜಗಳವಾಡದ್ದನ್ನು ವಾಣಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಚೆಲ್ರಿ! ವಾಲ್ವ್ ಮುಚ್ಚೇತಿ, ಇದು ನೀರಲ್ಲ! ಚೆಲ್ರಿ ಅಂದ್ರ!"

ಎದುರುಮನೆಯ ಸಕ್ರಪ್ಪ ತಲೆ ಎತ್ತಿದ. ಅವನ ಹೆಂಡತಿ ವಾಣಿಯ ವಾರ್ಡಿನಲ್ಲೇ ಮಲಗಿದ್ದಳು.

"ಕೂಗಬ್ಯಾಡ ತಂಗಿ."

"ಅಣ್ಣಾ, ಯಾರು ಕರದ್ರು ಅಂತ ಗೊತ್ತೈತೇನು ನಿಮಗ?"

"ಮೊದಲನೇ ರಾತ್ರಿನ ದನಿ ಗುರ್ತ ಹಿಡದ್ವಿ." ಅವನು ಕೊಡ ಬದಲಿಸಿದ. "ನೀ ಬಂದ್ ಮಾಡಿಸಿದಿ. ಆಕಿ ಬಿಟ್ಟಳು. ನಮಗ ನೀರ ಬೇಕಲ್ಲ?"

ಎಲ್ಲಿಂದ ಬಂತು, ಯಾರಿಂದ ಬಂತು ಎಂದು ವಾಣಿ ತಿಂಗಳುಗಟ್ಟಲೆ ಕೇಳಿದ್ದಳು. ಉತ್ತರ ಓಣಿಗೆಲ್ಲ ಗೊತ್ತಿತ್ತು. ಗೊತ್ತಿದ್ದೇ ಕುಡಿಯುತ್ತಿದ್ದರು.

ಹಿಂದೆ ಗಟಗಟ ಸದ್ದಾಯಿತು. ತಿರುಗಿದಳು. ಚಿಗವ್ವ ತಗ್ಗಿನ ಅಂಚಿನಲ್ಲಿ ಕೂತು ಚರಿಗೆ ಎತ್ತಿ ಕುಡಿಯುತ್ತಿದ್ದಳು. ಬಾಯಿ ಒರೆಸಿಕೊಂಡು ಅಂದಳು, "ಎಷ್ಟು ತಣ್ಣಗದಾವ, ನೋಡು."

ಚಿಗವ್ವ ಶಿರಹಟ್ಟಿಯ ಬಸ್ಸು ಹತ್ತಲೇ ಇಲ್ಲ. ಆಗಲೇ ಅವಳ ಮೈ ಬೆಚ್ಚಗಿತ್ತಂತೆ. ವಾಣಿ ತನ್ನ ಕೈಯಾರೆ ಸಲೈನ್ ಹಚ್ಚಿದಳು, ದೊಡ್ಡ ಆಸ್ಪತ್ರೆಗೂ ಒಯ್ದಳು. ಉಳಿಯಲಿಲ್ಲ.

ಚಿಗವ್ವನ ದಿನದ ಕಾರ್ಯಕ್ಕೆಂದು ನಾನು ಬೆಟಗೇರಿಗೆ ಹೋದಾಗ ಹೊಸ ಪೈಪು ಹಾಕಲು ಓಣಿ ಅಗೆಯುತ್ತಿದ್ದರು. ವಾಣಿ ನನ್ನ ಕೈಹಿಡಿದು ಅಲ್ಲಿಗೆ ಕರೆದೊಯ್ದಳು. ಹಳೆಯ ಪೈಪನ್ನು ಚಿಗವ್ವನ ಮನೆಯ ಮುಂದೆ ಕತ್ತರಿಸಿದ್ದರು, ಸಕ್ರಪ್ಪನ ಮನೆಯ ಮುಂದೆ, ಓಣಿಯ ತುದಿಯಲ್ಲೂ. ಎಲ್ಲ ಕಡೆ ಒಳಗೆ ಮಣ್ಣು. ಗೆದ್ದಲು ಕಟ್ಟಿದ ಮಣ್ಣು, ಪೈಪಿನ ತುಂಬ, ಗಟ್ಟಿಯಾಗಿ. ವಾಲ್ವ್ ಮುಚ್ಚಿದಾಗಿನಿಂದ ಇದರಲ್ಲಿ ಹನಿ ನೀರೂ ಹರಿದಿರಲಿಕ್ಕಿಲ್ಲ ಎಂದ ಅಗೆಯುವವನು.

ಕೇಳಿದ ಮಾತಲ್ಲ ಇದು, ಖರೆ. ನಾನೇ ಬಗ್ಗಿ ಬೆರಳು ಹಾಕಿದೆ. ಒಣ... ಒಂದು ಗೆದ್ದಲು ಬೆರಳು ಹತ್ತಿ ಬಂತು.