ಬಹುಮಾನ ಗೆದ್ದ ಅಂಬಿಗ

…ಅಲ್ಲ ಬ್ರೈಡಿ, ಯಾಕೆ ನಗ್ತೀಯಾ? ಬೆನ್ನು ತಿರುಗಿಸಿಬಿಟ್ರೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಭುಜ ಕುಣೀತಿದೆ! ನಗು, ನಗು, ಪರವಾಗಿಲ್ಲ. ಮಖಮಲ್ಲಿನ ನಿಲುವಂಗಿ ತೊಟ್ಟ ಗಂಡಸನ್ನ ನಮ್ಮ ಡೆವನ್‌ಪೋರ್ಟಿನ ದೋಣಿಕಟ್ಟೆ ಇವತ್ತೇ ಮೊದಲು ನೋಡ್ತಿರೋದು. ಆ ಕಡಲ ಹಕ್ಕಿಗಳೂ ಸಾಲಾಗಿ ಕೂತು ನೋಡ್ತಿವೆ. ಮುಟ್ಟಿ ನೋಡು ಬೇಕಾದ್ರೆ… ಬೇಡ ಬೇಡ, ಕೈಯೆಲ್ಲಾ ಪಾಚಿ! ದೂರದಿಂದ್ಲೇ ನೋಡು. ಹೌದಮ್ಮಾ, ನಿನ್ನ ಡಾಟ್ ಅತ್ತೆಯ ನಡುಮನೆ ಪರದೇನೇ ಇದು. ಇರ್ಲಿ! ಪರದೆಯಾಗಿ ಹುಟ್ಟಿದ್ದು ಅದರ ತಪ್ಪಾ? ಮೇಲೆ ಬರೋ ಯೋಗ ಇತ್ತು, ಬಂತು. ನಿನ್ನ ಮಾವನ ಹಾಗೇ.

ನೀನು ಕೆರೀತಾ ಇರು. ದೋಣಿ ಬೋರಲು ಹಾಕ್ಕೊಂಡು ತಳದ ಚಿಪ್ಪು ಕೆರೆಯೋಳ ಕೆಲಸ ಕೆಡಿಸೋಕೆ ಬಂದಿಲ್ಲ ನಾನು. ಈ ಬಕೆಟ್ ಮೇಲೆ ಒಂದು ಗಳಿಗೆ ಕೂತು, ಒಂದೇ ಒಂದು ಮಾತು ಹೇಳಿ ಎದ್ದು ಹೋಗ್ತೀನಿ… ಏನು ಹಾಗೆ ನೋಡಿದ್ದು? ಮರ್ವ್ ಮಾವ ಒಂದೇ ಮಾತು ಹೇಳಿ ಎದ್ದಿದ್ದು ಭೂಮಿ ಹುಟ್ಟಿದಾಗಿಂದ ಇಲ್ಲ ಅಂತಾನಾ? ಸರಿ ತಾಯಿ, ಎರಡು ಮಾತು.

ಮೊದಲನೇದು, ಗೆದ್ದೆ! ಗೊತ್ತು ನಿನಗೆ, ಆದ್ರೂ ಹೇಳ್ತೀನಿ, ಹೇಳಿದಷ್ಟೂ ರುಚಿ ಅದು. ದಕ್ಷಿಣ ಸಮುದ್ರದ ಗೇಮ್ ಮಾಸ್ಟರ್‌ಗಳ ಬರಹ ಸ್ಪರ್ಧೆ, ಮೊದಲ ಬಹುಮಾನ, ಮರ್ವಿನ್ ಟಕ್‌ವೆಲ್! ಫಿಜಿಯಿಂದ ಬರೆದಿದ್ರಂತೆ, ನ್ಯೂಜಿಲೆಂಡಿಂದ ಬರೆದಿದ್ರಂತೆ, ಮೆಲ್ಬರ್ನಿನ ಗಡ್ಡದೋರೆಲ್ಲಾ ಗಡ್ಡ ಕೆರ್ಕೊಂಡು ಬರೆದಿದ್ರಂತೆ. ಎಲ್ಲರದೂ ಒಂದೇ ಥರ ಶುರು. ಮಂಜು ಮುಸುಕಿದ ಊರು, ಊರಲ್ಲೊಂದು ಹೆಂಡದಂಗಡಿ, ಅಂಗಡಿ ಮೂಲೇಲಿ ಮುಖ ಮುಚ್ಕೊಂಡ ಮುದುಕ. ಪಾಪ, ತೀರ್ಪುಗಾರರು ಏನು ಮಾಡ್ತಾರೆ, ಮಂಜಿಗೇ ಅಂತ ಬೇರೆ ಬಹುಮಾನ ಇಟ್ಟುಬಿಟ್ರು! 'ಅತ್ಯುತ್ತಮ ಮಂಜಿನ ವರ್ಣನೆ.' ಅದನ್ನ ಹೋಬಾರ್ಟಿನ ಹಲ್ಲಿನ ಡಾಕ್ಟರೊಬ್ಬ ಹೊಡ್ಕೊಂಡ. ಮಂಜು ಬರೆಯೋದೇನು ಮಹಾ? ಮುಂದೇನು ಅಂತ ತೋಚದೇ ಇದ್ದಾಗ ಬರೆಯೋದೇ ಮಂಜು.

ಬೆಳಿಗ್ಗೆ ಕ್ಷೌರಕ್ಕೆ ಹೋಗಿದ್ದೆ. ಕತ್ತರಿ ಆಡಿಸ್ತಾ ಕ್ಷೌರದೋನು ಕೇಳಿದ, "ಅಲ್ಲಾ ಮರ್ವ್, ಗೇಮ್ ಮಾಸ್ಟರ್ ಅಂದ್ರೆ ಏನಪ್ಪಾ ಅದು? ಫುಟ್‌ಬಾಲ್ ಕೋಚಾ?" ನಾನಂದೆ, "ಲೋ, ಕೋಚ್ ಒಂದು ತಂಡ ಆಡಿಸ್ತಾನೆ, ನಾನು ಪ್ರಪಂಚಾನೇ ಆಡಿಸ್ತೀನಿ. ಮೇಜಿನ ಸುತ್ತ ಮೂವರು ಕೂತಿರ್ತಾರೆ, ಒಬ್ಬೊಬ್ಬರದೂ ಒಂದೊಂದು ವೇಷ. ವೇಷ ಅಂದ್ರೆ ಬಣ್ಣ ಗಿಣ್ಣ ಇಲ್ಲ, ಬರೀ ಬಾಯಲ್ಲಿ. ಎದುರಿಗೆ ಬೆಟ್ಟ ಇದೆ ಅಂತ ನಾನಂದ್ರೆ ಬೆಟ್ಟ ಇದ್ದೇ ಇರುತ್ತೆ. ಹತ್ತುತೀವಿ ಅಂತಾರೆ, ದಾಳ ಉರುಳಿಸ್ತಾರೆ, ಜಾರಿ ಬೀಳ್ತಾರೆ. ಆ ಮೂವರು ಬಿಟ್ಟು ಮಿಕ್ಕಿದ್ದೆಲ್ಲಾ ನಾನೇ. ರಾಜ ನಾನು, ರಾಕ್ಷಸ ನಾನು, ರಾಜನ ಕುದುರೆ ಕೆನೆಯೋದಿದ್ರೂ ನಾನೇ ಕೆನೀಬೇಕು!" ಕತ್ತರಿ ಅಲ್ಲೇ ನಿಂತುಬಿಡ್ತು ನೋಡು. ನಂಬಲ್ವಾ? ಇಲ್ಲಿ, ಕಿವಿ ಹಿಂದೆ, ಒಂದು ಪೊದೆ ಹಾಗೇ ಉಳಿದಿದೆ.

ಎರಡನೇ ಮಾತು… ತಾಳು, ಪೈ ತಂದಿದ್ದೀನಿ. ಮಸಾಲೆ ಹಾಕಿ ಸ್ಕಾಲಪ್ ಚಿಪ್ಪುಮೀನು ತುಂಬಿದ ಪೈ, ನಿನಗಿಷ್ಟ ಅಂತ. ಬಿಸಿ ಇರೋವಾಗ್ಲೇ ತಿನ್ನು. ಬೇಡ್ವಾ? ಆಮೇಲೆ ತಿಂತೀಯಾ? ಸರಿ, ಇಲ್ಲಿಟ್ಟಿರ್ತೀನಿ. ಆ ದೊಡ್ಡ ಹಕ್ಕಿ ಮೇಲೆ ಒಂದು ಕಣ್ಣಿಡು, ಅದರ ನೋಟ ಸರಿಯಿಲ್ಲ.

ಎರಡನೇದು ಏನಪ್ಪಾ ಅಂದ್ರೆ… ಈ ಸ್ಪರ್ಧೇಲಿ ಒಂದು ಪದ್ಧತಿ ಇದೆ. ಬರೆದು ಗೆದ್ದರೆ ಸಾಲ್ದು. ಗೆದ್ದೋನು ಬಹುಮಾನದ ಸಾಯಂಕಾಲ ವೇದಿಕೆ ಮೇಲೆ ಮೇಜು ಹಾಕಿ, ತನ್ನ ಮೇಜಿನೋರನ್ನ ಕೂರಿಸ್ಕೊಂಡು, ಆ ಆಟ ಆಡಿಸಿ ತೋರಿಸ್ಬೇಕು. ತನ್ನ ಮೇಜಿನೋರೇ! ಬೇರೆ ಕಡೆಯಿಂದ ಎರವಲು ತಂದೋರು ಆಗಲ್ಲ. ಅದೂ ಕೈಯಲ್ಲಿ ಕಾಗದ ಇಲ್ಲದೆ. ಬೌಲಿಂಗ್ ಕ್ಲಬ್ಬಿನ ದೊಡ್ಡ ಹಾಲ್, ದೀಪ, ಮೈಕು, ಮುಂದಿನ ಸಾಲಲ್ಲಿ ಹಡಗಿಳಿದು ಬಂದ ತೀರ್ಪುಗಾರರು. ಆಡಿಸಲಿಲ್ಲ ಅಂದ್ರೆ ಬಹುಮಾನ ಎರಡನೇ ಸ್ಥಾನದೋನಿಗೆ. ಎರಡನೇ ಸ್ಥಾನ ಯಾರು ಹೇಳು? ಅದೇ ಮಂಜಿನ ಡಾಕ್ಟರು!

ಇವತ್ತು ಸಾಯಂಕಾಲ ಗಾರ್ತ್ ಬರಲ್ವಂತೆ. ಅಲ್ಲ ಕಣೇ, ದಿನವಿಡೀ ಮಾಂಸದಂಗಡೀಲಿ ಕುರಿ ಕಡಿಯೋ ಮನುಷ್ಯ, ನಮ್ಮ ಮೇಜಲ್ಲಿ ರಕ್ತ ಕಂಡ್ರೆ ಮೂರ್ಛೆ ಹೋಗೋ ವನದೇವತೆ. ಅಂಥ ಮೆತ್ತನೆ ಜೀವ, ಇವತ್ತು ಫೋನಲ್ಲಿ "ಸಾಸೇಜ್ ತುಂಬೋದಿದೆ" ಅಂದುಬಿಟ್ಟ. ಶನಿವಾರ ಸಾಯಂಕಾಲ ಯಾವನು ಸಾಸೇಜ್ ತುಂಬ್ತಾನೆ? ಲಿನೆಟ್ಟೂ ಬರಲ್ವಂತೆ. ಲೈಬ್ರರೀಲಿ ಊರಿಗೆಲ್ಲಾ ಶ್ ಶ್ ಅನ್ನೋಳು, ನಮ್ಮಲ್ಲಿ ಜೇಬುಗಳ್ಳಿ. "ತಲೆನೋವು" ಅಂದಳು. ಫೋನಿಡೋಕೆ ಮುಂಚೆ ಇನ್ನೊಂದು ಮಾತಂದಳು, ಅದು ಲೈಬ್ರರಿಯೋರ ಬಾಯಲ್ಲಿ ಬರೋ ಮಾತಲ್ಲ. ನಿನ್ನೆವರೆಗೂ ಇಬ್ಬರೂ ಸರಿಯಾಗೇ ಇದ್ರು! ಬೆಳಿಗ್ಗೆ ಎದ್ದ ಮೇಲೆ ಏನಾಯ್ತೋ… ಹೊಟ್ಟೆಕಿಚ್ಚು. ಇನ್ನೇನಿರುತ್ತೆ.

ಇನ್ನುಳಿದೋಳು ನೀನು.

…ಕೆರೆಯೋದು ಯಾಕೆ ನಿಲ್ಲಿಸ್ದೆ? ಕೆರಿ, ಕೆರಿ. ಆ ಸದ್ದಿದ್ರೆ ನನಗೂ ಮಾತು ಸರಾಗ.

ತೀರ್ಪುಗಾರರಿಗೆ ಏನು ಹಿಡಿಸ್ತು ಗೊತ್ತಾ, ನನ್ನ ಬರಹದಲ್ಲಿ? ಕೋಟೆ ಅಲ್ಲ! ಎಷ್ಟು ವರ್ಷ ಕಟ್ಟಿದ ಕೋಟೆ ಅದು. ಒಬ್ಬೊಬ್ಬ ಕುಳ್ಳರಾಜನಿಗೂ ತಾತ, ಮುತ್ತಾತ, ಅತ್ತೆಮನೆ, ಅತ್ತೆಮನೆಯೋರ ಜಗಳ, ಎಲ್ಲಾ ಬರೆದಿದ್ದೆ. ನೀವು ತಪ್ಪಿಸ್ಕೋಬಾರ್ದು ಅಂತ ದಾರಿಗಳನ್ನೂ ಹಾಗೇ ಹಾಕಿದ್ದೆ. ಎಡಕ್ಕೆ ಹೋದ್ರೂ ಕೋಟೆ, ಬಲಕ್ಕೆ ಹೋದ್ರೂ ಕೋಟೆ, ಮರದ ಕೆಳಗೆ ಮಲಗಿ ಎದ್ರೂ ಎದುರಿಗೆ ಕೋಟೆ ಬಾಗಿಲು! ನೀವು ಮೂವರೂ ಏನು ಮಾಡಿದ್ರಿ? ಹೊಳೆ ದಂಡೇಲಿ ಕೂತುಬಿಟ್ರಿ. "ಇಲ್ಲಿ ದೋಣಿ ಇದ್ಯಾ?" ಅಂದ್ರಿ. ಹೊಳೆ ಇದ್ದ ಮೇಲೆ ಇರ್ಲಿ ಅಂತ ಒಬ್ಬ ಅಂಬಿಗನ್ನ ಇಟ್ಟಿದ್ದೆ. ಹೆಸರಿಲ್ಲ, ಮುಖ ಇಲ್ಲ, "ಹತ್ರಿ, ಇಳೀರಿ", ಇಷ್ಟೇ ಅವನ ಮಾತು. ಅದೇ ವಾರ ನನಗೆ ಗಂಟಲು ಕಟ್ತು.

ಹುಬ್ಬು ಯಾಕೆ ಏರಿಸ್ತೀಯಾ? ಕಟ್ಟಿತ್ತಲ್ಲ! ಬಾಯಿ ತೆಗೆದ್ರೆ ಹಳೇ ಬಾಗಿಲು ಕಿರುಗುಟ್ಟಿದ ಹಾಗಿತ್ತು. ಅದಕ್ಕೇ ನಿನಗೆ ಸನ್ನೆ ಮಾಡ್ದೆ, ಇವನೊಬ್ಬನ ಮಾತು ಇವತ್ತೊಂದಿನ ನೀನಾಡು ಅಂತ. ಈಗ ನಿಜ ಹೇಳ್ತೀನಿ ಕೇಳು. ಆ ಗಂಟಲು ಕಟ್ಟಿದ್ದೂ ನನ್ನ ಯೋಜನೇನೇ! ದೊಡ್ಡ ಗೇಮ್ ಮಾಸ್ಟರ್ ಆದೋನು ಯಾವಾಗ ಸುಮ್ಮನಿರ್ಬೇಕು ಅಂತ ತನ್ನ ಗಂಟಲಿಗೂ ಪಾಠ ಹೇಳಿರ್ತಾನೆ. …ಹೂಂ, ಗಂಟಲು ಸರಿಹೋದ ಮೇಲೂ ಚಳಿಗಾಲ ಮುಗಿಯೋವರೆಗೆ ನೀನೇ ಆಡಿದ್ದೆ. ಯೋಜನೆ ದೊಡ್ಡದಿತ್ತು.

ಆಹಾ, ಆ ಅಂಬಿಗ! ಕಾಸು ಮುಟ್ಟಲ್ಲ. ಹತ್ತೋರನ್ನ ಒಂದೇ ಪ್ರಶ್ನೆ ಕೇಳ್ತಾನೆ. "ಈ ದಡದಲ್ಲಿ ನಿನಗಾಗಿ ಕಾಯೋರು ಯಾರು?" ಹೇಳಿದ ಹೆಸರೇ ಬಾಡಿಗೆ. ಅವರು ವಾಪಸು ಬರೋವರೆಗೂ ಆ ಹೆಸರನ್ನ ಬಾಯಲ್ಲಿಟ್ಕೊಂಡೇ ಹುಟ್ಟು ಹಾಕ್ತಾನೆ, ಮರೆತು ಹೋಗಬಾರ್ದು ಅಂತ. ಯಾರೂ ಇಲ್ಲ ಅಂದೋರನ್ನ ಗಾಳಿ ಬಡಿಯದ ಕಡೆ ಕೂರಿಸ್ತಾನೆ, ತನ್ನ ಕಂಬಳಿ ಹೊದಿಸ್ತಾನೆ, "ಹಾಗಾದ್ರೆ ನಾನು ಕಾಯ್ತೀನಿ" ಅಂತಾನೆ. ಅಷ್ಟೆ. ಗಾರ್ತ್ ಅತ್ತಿದ್ದು ನೆನಪಿದ್ಯಾ? ಆ ಕೈಯಲ್ಲಿ ಮೂಗು ಒರೆಸ್ಕೊಂಡಿದ್ದು? ತೀರ್ಪುಗಾರರೂ ಹಾಗೇ ಆದ್ರಂತೆ! ಇಲ್ಲಿಗೆ ಬರೋವಾಗ ಹಡಗಲ್ಲಿ ಇನ್ನೊಂದ್ಸಲ ಓದಿದ್ರಂತೆ, ಹಡಗು ಅಷ್ಟು ಓಲಾಡ್ತಿದ್ರೂ ಒಬ್ಬ ವಾಂತಿ ಮಾಡೋದನ್ನೇ ಮರೆತ ಅಂತೀನಿ!

ಆದ್ರೆ ಅವರಲ್ಲಿ ದೊಡ್ಡಾಕೆ ಒಬ್ಬಳಿದ್ದಾಳೆ, ಬಿಳೀ ಜಡೆ. ಹಡಗುಕಟ್ಟೇಲಿ ನನ್ನ ಕೈ ಹಿಡಿದು ಏನಂದಳು ಗೊತ್ತಾ? "ಮಿಸ್ಟರ್ ಟಕ್‌ವೆಲ್, ಸಾಯಂಕಾಲ ನಿಮ್ಮ ದೋಣಿಗೆ ನಾನೇ ಹತ್ತುತೀನಿ. ಹತ್ತಿ ಅಂಬಿಗನ್ನೇ ಕೇಳ್ತೀನಿ, ನಿನಗಾಗಿ ಕಾಯೋರು ಯಾರಪ್ಪಾ ಅಂತ. ಅದನ್ನ ನೀವು ಬರೆದಿಲ್ಲ. ಬೇಕಂತಲೇ ಮುಚ್ಚಿಟ್ಟಿದ್ದೀರಿ, ಅಲ್ವಾ?" ನಾನು ನಿಗೂಢವಾಗಿ ನಕ್ಕೆ. ನಿಗೂಢವಾಗಿ ನಗೋದು ನನಗೆ ತುಂಬಾ ಚೆನ್ನಾಗಿ ಬರುತ್ತೆ, ಏನೂ ಗೊತ್ತಿಲ್ಲದೇ ಇದ್ದಾಗ.

ಅದಕ್ಕೇ… ಸುಮ್ನೆ ಒಂದ್ಸಲ ಅಭ್ಯಾಸ ಮಾಡೋಣ, ಏನಂತೀಯಾ? ನಾನು ಆ ಬಿಳೀ ಜಡೆಯಾಕೆ. ನೀನು ಅಂಬಿಗ. ಅಭ್ಯಾಸಕ್ಕೆ ಮಾತ್ರ! ಇಗೋ, ಹತ್ತಿದೆ. ದೋಣಿ ಓಲಾಡ್ತು. "ಅಂಬಿಗ, ನಿನಗಾಗಿ ಕಾಯೋರು ಯಾರು?"

…

ಹೂಂ?

…ಒಬ್ಬಳು ರಾಣಿ! ಹೇಗಿದೆ? ಶಾಪ ತಟ್ಟಿದ ರಾಣಿ. ಬೇಡ. ಅವಳಿ ತಮ್ಮ? ಹುಟ್ಟುವಾಗಲೇ ಕಳೆದುಹೋದ… ಅದೂ ಬೇಡ್ವಾ. ಕುಳ್ಳರಾಜನ ಅತ್ತೆ? ಯಾರೂ ಇಲ್ಲ, ಬರೀ ಮಂಜು… ಥೂ, ನಾನೂ ಅಲ್ಲಿಗೇ ಬಂದೆ ನೋಡು! ನೀನೊಂದು ಹೇಳೇ ಮಾರಾಯ್ತಿ. ಅರ್ಧ ಹೇಳು, ಮಿಕ್ಕಿದ್ದು ನಾನು ತುಂಬ್ಕೋತೀನಿ. ಕಣ್ಸನ್ನೆ ಮಾಡು. ಗಂಡಸಾ, ಹೆಂಗಸಾ? …

ಬ್ರೈಡಿ, ನಾನು ಬಂದಾಗಿಂದ ನೀನು ಒಂದು ಮಾತೂ ಆಡಿಲ್ಲ.

ಅಲ್ವಾ? ಇಷ್ಟು ಹೊತ್ತೂ ನಿನ್ನ ಪಾಲಿನದನ್ನೂ ನಾನೇ ಆಡ್ತಿದ್ದೀನಿ. ನಗ್ತಿದ್ದೀಯಾ ಅಂದ್ಕೊಂಡೆ. ಅದು ನಗು ಅಲ್ವಾ? …ಹುಷಾರಿಲ್ವಾ? ಹಲ್ಲುನೋವಾ? ಮತ್ಯಾಕೆ ಹಾಗೆ ತುಟಿ ಬಿಗಿದು, ಬಾಯಿಗೆ ಬೀಗ ಹಾಕ್ಕೊಂಡೋಳ ಹಾಗೆ…

ಓ.

ಬೆಳಿಗ್ಗೆ ರೇಡಿಯೋ ಹಾಕಿದ್ಯಾ?

…ಹಾಕಿದ್ದೆ ನೀನು. ಗಾರ್ತ್ ಅಂಗಡೀಲೂ ಹಾಕಿರ್ತಾನೆ. ಲಿನೆಟ್ಟೂ.

ನೋಡು, ಅದು… ಮೈಕು ಎದುರಿಗೆ ಬಂದ್ರೆ ಏನಾಗುತ್ತೆ ಅಂತ ನಿನಗೇನು ಗೊತ್ತು! ಆ ರೇಡಿಯೋ ಹುಡುಗಿ ಕೇಳಿದಳು, "ಅಂಬಿಗ ನಿಮಗೆ ಎಲ್ಲಿ ಸಿಕ್ಕಿದ ಸಾರ್?" ಸಾರ್ ಅಂದಳು ಕಣೇ. ಬಾಯಿ ತಾನಾಗೇ ಹೊರಟುಹೋಯ್ತು. "ನಮ್ಮಕ್ಕನ ಮಗಳು ಒಬ್ಬಳಿದ್ದಾಳೆ, ಪಾಪ, ನಾಲ್ಕು ಜನರ ಮುಂದೆ ಬಾಯಿ ಬಿಡೋಳಲ್ಲ. ಅವಳಿಗೆ ಮಾತು ಬರ್ಲಿ ಅಂತಲೇ ಅಂಬಿಗನ್ನ ಹುಟ್ಟಿಸ್ದೆ. ಒಂದೊಂದು ಮಾತೂ ನಾನೇ ಹೇಳಿಕೊಟ್ಟೆ, ಮಗುವಿಗೆ ತುತ್ತಿಟ್ಟ ಹಾಗೆ" ಅಂತ… ಆ ಹುಡುಗಿ "ಎಂಥ ಒಳ್ಳೇ ಮಾವ!" ಅಂದಳು. ಅವಳು ಹಾಗಂದಾಗ ನನಗೂ ಅದೇ ನಿಜ ಅನ್ನಿಸಿಬಿಡ್ತು. ಆಣೆಗೂ!

ಬೈಯಮ್ಮಾ. ಆ ಕೆರೆಯೋ ಅಲಗಲ್ಲೇ ನಾಲ್ಕು ಬಿಡು. ನಿಮ್ಮಮ್ಮ ಆಗಿದ್ರೆ ಇಷ್ಟು ಹೊತ್ತಿಗೆ ನನ್ನನ್ನ ನೀರಿಗೆ ನೂಕಿರೋಳು. ಹೀಗೆ ಸುಮ್ಮನೆ ನಿಂತು ನೋಡಬೇಡ… ಹೆಸರು ಹಾಕಿಸೋಣ! ಕೆಳಗಡೆ, 'ಸಹಾಯ ಬ್ರೈಡಿ' ಅಂತ. ಚಿಕ್ಕದಾಯ್ತಾ? ದೊಡ್ಡದಾಗೇ ಹಾಕಿಸೋಣ. ನನ್ನ ಹೆಸರಿನ ಪಕ್ಕದಲ್ಲೇ. …ಮೇಲೆ? ಸರಿ, ಮೇಲೇನೇ! ಕೋಟೆ ಮಾತ್ರ ನಂದು ಅಂತ ಬರೆದ್ರೆ ಸಾಕು. ಕೋಟೆ ಯಾರಿಗೂ ಬೇಡ, ಗೊತ್ತು, ಆದ್ರೂ ನಂದು ಅಂತ ಒಂದಿರ್ಲಿ.

ಏನಾದ್ರೂ ಅನ್ನೇ.

…ಸರಿ. ಬೇಡ. ನಾನೇ ಆಡ್ತೀನಿ. ನನಗೆ ಬರಲ್ವಾ? ಇಡೀ ಪ್ರಪಂಚ ಆಡಿಸೋನು, ಒಬ್ಬ ಅಂಬಿಗನ್ನ ಆಡಿಸಲಾರೆನಾ? ಕೇಳು, ದನಿ ನೋಡು. "ಎಲೈ ಯಾತ್ರಿಕಳೇ! ನನಗಾಗಿ ಕಾಯೋರು…" ಇಲ್ಲ, ಇದು ರಾಜನ ದನಿ. ಇರು. "ನನಗಾಗಿ…" ಇದೂ ರಾಜನದೇ. ನಿನ್ನದು ಹೇಗಿತ್ತು? ಮೆಲ್ಲಗೆ ಅಲ್ವಾ? ಕೆಳಗೆ ನೋಡ್ಕೊಂಡು, ಹಗ್ಗ ಬಿಚ್ಚುತ್ತಾ ಹೇಳಿದ ಹಾಗೆ… "ನನಗಾಗಿ ಕಾಯೋರು…"

ಗೊತ್ತಿದೆ ನಿನಗೆ. ಯಾರು ಕಾಯ್ತಿದ್ದಾರೆ ಅಂತ ಮೊದಲ ದಿನದಿಂದ್ಲೂ ಗೊತ್ತಿದೆ. ಮುಖದಲ್ಲೇ ಕಾಣ್ತಿದೆ. ಆ ಅಂಬಿಗನ್ನ ನಾನು ಎಷ್ಟು ಕೇಳ್ದೆ ಅಂತೀಯಾ, ಕನ್ನಡಿ ಮುಂದೆ ಕೇಳ್ದೆ, ಕಾರು ನಿಲ್ಲಿಸಿ ಕೇಳ್ದೆ, ಸ್ನಾನದ ಮನೇಲಿ ನಲ್ಲಿ ಬಿಟ್ಟು ಕೇಳ್ದೆ. ಡಾಟ್ ಬಾಗಿಲು ತಟ್ಟಿ ಯಾರ ಜೊತೆ ಮಾತು ಅಂದಳು. ಯಾರ ಜೊತೇನೂ ಇಲ್ಲ ಅಂದೆ.

ನಿಜಾನೇ ಹೇಳ್ದೆ. ಅವನು ನನ್ನ ಹತ್ರ ಮಾತಾಡಲ್ಲ ಬ್ರೈಡಿ. ಯಾವತ್ತೂ ಒಂದು ಮಾತಾಡಿಲ್ಲ.