ಇವತ್ತ ಹೊಳಿಗೆ ಬ್ಯಾಡ

…ಬಾಗಲಾ ನಾನ ಹಾಕೇನಿ, ಇರಲಿ ಬಿಡ ಭಾಗ್ಯಾ. ಕುಂಡ್ರು. ಪಾಸ್ಟರ್ ಹೊಳಿಗೆ ಬರೂದು ಎಂಟಕ್ಕ, ಇನ್ನೂ ಏಳು ಆಗಿಲ್ಲ. ಬಿಳಿ ಸೀರಿ ಆಗಲೇ ಉಟಗೊಂಡಿ? ಯಾಕ ನಗತಿ? ಖರೇನ ಮದಿಮಗಳಂಗ ಕಾಣಾಕತ್ತಿ.

ನೋಡ ತಂಗಿ, ನಿನ್ನ ಪ್ರಾರ್ಥನಾಕ್ಕ ಮೊದಲ ಕರಕೊಂಡ ಹೋದಾಕಿ ಈ ಸುಂದ್ರವ್ವನ. ಆ ಸಲಿಗಿ ಮ್ಯಾಲ ಹೇಳತೇನಿ, ದೀಕ್ಷಾಸ್ನಾನ ಇವತ್ತ ಬ್ಯಾಡ. ಒಂದ ವಾರ ತಡಿ. ಇದು ತಾಳಿ ಕಟ್ಟಿಸಿಕೊಂಡಂಗ. ಯೇಸಪ್ಪ ಗಂಡ, ನಾವು ಹೆಂಡ್ತಿ. ಅವ ಎಂದೂ ಕೈ ಬಿಡೂದಿಲ್ಲ ಅಂತಾರ ಪಾಸ್ಟರ್. ಖರೆ ಐತಿ. ಎಂಟ ವರ್ಷದ ಹಿಂದ ಇದ ಹೊಳ್ಯಾಗ ಮುಳುಗಿ ಎದ್ದೇನಿ, ಒಮ್ಮಿನೂ ಬಿಟ್ಟಿಲ್ಲ ನನ್ನ. ಆದ್ರ ಹೆಂಡ್ತಿ? ಹೆಂಡ್ತಿನೂ ಗಟ್ಟಿ ಇರಬೇಕಲ್ಲ…

ಯಾಕ ಹಂಗ ನೋಡತಿ? ಅಳಾಕತ್ತಿಲ್ಲ ನಾನು. ನಿನ್ನ ಒಲಿ ಹೊಗಿ.

ಸೋಮವಾರ ಊರ ಹಿರ್ಯಾರು ಕರಿಸಿದ್ರು. ಯಾರೂ ಬೈಲಿಲ್ಲ, ಹೊಡೀಲಿಲ್ಲ. ಚಹಾ ಕೊಟ್ರು. ನನ್ನ ಮಗ ಮಾಳೂನ ಮದುವಿ ಮಾತ ತಗದ್ರು. ಹಿಂಗ ಆದ್ರ ಕಲ್ಲೋಳಿಯವರು ಹೆಣ್ಣ ಕೊಡೂದಿಲ್ಲಂತ. ಆಮ್ಯಾಲ ನನ್ನ ಅಂಗೈಯಾಗ ದೇವರ ಅರಿಷಿಣ ಭಂಡಾರ ಹಾಕಿ, ಆಣಿ ಮಾಡಿಸಿ ಕೇಳಿದ್ರು, 'ಆ ಯೇಸು ನಿನಗೇನಾಗಬೇಕು?' ಅಂತ.

'ಏನೂ ಆಗಬೇಕಿಲ್ಲ' ಅಂದ್ನಿ.

ನಾಕ ಮಂದಿ ಮುಂದ ಕಟಗೊಂಡ ಗಂಡನ್ನ, ಇವ ಯಾರೋ ಗೊತ್ತಿಲ್ಲ ಅಂದಂಗ. ನಾಲಿಗಿ ತಡವರಿಸಲೂ ಇಲ್ಲ ತಂಗಿ. ಮನಿಗೆ ಬಂದ ರೊಟ್ಟಿನೂ ಬಡದ್ನಿ, ಉಂಡ್ನಿ.

ಮಾತಾಡವಾ. ಬೈಯಾರ ಬೈ.

ಏಳಬ್ಯಾಡ… ಕೈ ಬಿಡಂಗಿಲ್ಲ ನಾನು. ನಿನ್ನ ಗಂಡ ಅರ್ಜುನ ಕಬ್ಬಿಗೆ ನೀರ ಬಿಡಾಕ ಹೋಗ್ಯಾನಂತ ಅನಕೊಂಡಿಯೇನು? ಹೊಲದಾಗಿಲ್ಲ ಅವ. ಹೊಳಿದಂಡ್ಯಾಗ ಅದಾನ. ನಿಮ್ಮ ಮಾವ ಉದ್ದಪ್ಪ ಅದಾನ, ಇನ್ನೂ ಐದಾರ ಮಂದಿ ಅದಾರ. ಸುಮ್ಮನ ಕುಂತಾರ. ಅವರು ಸುಮ್ಮನ ಕುಂತದ್ದ ನೋಡೇ ನಾನು ಓಡಿ ಬಂದೇನಿ. ಪಾಸ್ಟರಿಗೆ ಫೋನ್ ಹಚ್ಚಿದ್ನಿ, ಹತ್ತವಲ್ದು.

ಇವತ್ತ ಅನ್ನೂದು, ಎಂಟಕ್ಕ ಅನ್ನೂದು, ಗೊತ್ತಿದ್ದದ್ದು ಮೂರ ಮಂದಿಗೆ. ನಿನಗ, ಪಾಸ್ಟರಿಗೆ, ನನಗ.

ಯಾರ ಹೇಳಿದ್ರು ಅಂತ ಕೇಳಂಗಿಲ್ಲೇನು?

ಕೇಳವಾ, ಒಂದ ಸಲ ಕೇಳು. ಹಿಂಗ ನನ್ನ ತಲಿ ಮ್ಯಾಲ ಕೈ ಇಡಬ್ಯಾಡ… ಭಾಗ್ಯಾ, ಎಷ್ಟ ದಿನಾ ಆತು ನಿನಗ ಗೊತ್ತಾಗಿ?