ಪೈಲ್ವಾನನ ಕಾಲು ಉಳಿಸಿದ ತ್ರಿಶಲಾ ಮೇಡಮ್

ಮೇಡಮ್‌ರ ಪತಿ ಶ್ರೇಯಸ ಅವರೇ, ಮಗಳು ನೇಹಾ, ಮನೆತನದ ಹಿರಿಯರೇ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಿಂದ ಬಂದ ಡಾಕ್ಟರ್ ಮಿತ್ರರೇ, ಸಿಸ್ಟರ್‌ಗಳೇ — ಎಲ್ಲರಿಗೂ ನಮಸ್ಕಾರ.

ನಾನು ಡಾಕ್ಟರ್ ನಾರಾಯಣ. ತ್ರಿಶಲಾ ಮೇಡಮ್ ಆಪರೇಷನ್ ಮಾಡತಿದ್ದರು, ನಾ ಅರಿವಳಿಕೆ ಕೊಡತಿದ್ದೆ. ಹೋದ ವಾರ ಎದಿ ನೋವು ಅಂದವರು — ಹೋಗೇಬಿಟ್ಟರು. ಇವತ್ತು ಅವರ ಫೋಟೋದ ಬಾಜೂಕ ನಿಂತು ಮಾತಾಡೋದು ಸುಲಭ ಇಲ್ಲ. ಆದ್ರೂ ಒಂದು ಸಂಗತಿ ಹೇಳಲೇಬೇಕು.

ಸಾವಳಗಿಯ ಸಿದರಾಯ, ಪೈಲ್ವಾನ. ತೊಡಿಯೊಳಗ ಗಂಟು — ಇಷ್ಟು, ನನ್ನ ಮುಷ್ಟಿಯಷ್ಟು. ನೋವಿಲ್ಲ. ಕುಸ್ತಿಯಾಗ ಪೆಟ್ಟು ಬಿದ್ದದ್ದು ಅಂತ ತಿಂಗಳಗಟ್ಟಲೆ ಎಣ್ಣಿ ತಿಕ್ಕಿಸಿಕೊಂಡಿದ್ದ. "ಕೊಯ್ದು ಒಗೀರಿ ಮೇಡಮ್, ಮುಂದಿನ ತಿಂಗಳ ಕುಸ್ತಿ ಐತಿ" ಅಂದ.

ಮೇಡಮ್ ಒತ್ತಿ ನೋಡಿದರು. ಮತ್ತೊಮ್ಮೆ ಒತ್ತಿದರು. ಗಂಟು ಗಟ್ಟಿ ಇತ್ತು, ಆಳದಾಗಿತ್ತು, ಬೆಳಿಯಾಕತ್ತಿತ್ತು. "ಈಗ ಕೊಯ್ಯಂಗಿಲ್ಲ. ಮೊದಲು ಸ್ಕ್ಯಾನ್. ಆಮ್ಯಾಲ ಸೂಜಿ ಹಾಕಿ ತುಣುಕು ತಗದು ನೋಡಬೇಕು."

ಅವನಪ್ಪ ಶಿದ್ರಾಮಪ್ಪ ಎದ್ದು ನಿಂತ. "ಸೂಜಿ ಚುಚ್ಚಿದ್ರ ಗಂಟು ಕೆರಳತೈತಂತ್ರೀ!"

"ಯಜಮಾನ್ರ, ಏನಂತ ತಿಳೀದ ಗಂಟಿಗೆ ಚಾಕು ಹಾಕಿದ್ರ ಕೆರಳತೈತ್ರಿ. ಕುಂದರ್ರಿ."

ಕುಂತ! ಮೇಡಮ್ ಕುಂದರ್ರಿ ಅಂದ್ರ ಯಾರು ನಿಲ್ಲತಿದ್ದರು?

ವರದಿ ಬಂತು. ಸಾರ್ಕೋಮಾ — ಮಾಂಸಖಂಡ, ಕೊಬ್ಬು, ಇಂಥ ಮೆತ್ತನ ಭಾಗದಾಗ ಹುಟ್ಟೋ ಅಪರೂಪದ ಕ್ಯಾನ್ಸರ್. ದೊಡ್ಡ ಊರಿನ ಒಂದು ಆಸ್ಪತ್ರೆಯೊಳಗ ಕಾಲು ತೆಗೀಬೇಕು ಅಂದರು. ಸಿದರಾಯ ಮನಿಗೆ ಬಂದವನೇ ಕೋಲಿ ಬಾಗಿಲು ಹಾಕಿಕೊಂಡ. ಯಾರು ಕರೆದರೂ ತೆಗೀಲಿಲ್ಲ.

ಮೇಡಮ್ ನನ್ನನ್ನೂ ಕರಕೊಂಡು ಸಾವಳಗಿಗೆ ಹೋದರು. ಆ ಬಾಗಿಲ ಮುಂದ, ನೆಲದ ಮ್ಯಾಲ ಕುಂತರು. "ಸ್ಕ್ಯಾನ್ ನಾನೂ ನೋಡೇನಿ ಸಿದರಾಯ. ದೊಡ್ಡ ನರ, ರಕ್ತನಾಳ ಗಂಟಿನಿಂದ ದೂರ ಅದಾವ. ಮುಂಬೈಯಾಗ ನನ್ನ ಗುರುಗಳಿಗೂ ತೋರಿಸೇನಿ. ಕಾಲು ಉಳಸಬಹುದು ಅಂತಾರ."

ಒಳಗಿಂದ ದನಿ ಬಂತು: "ಮತ್ತ ಕುಸ್ತಿ ಹಿಡೀಬಹುದೇನ್ರಿ?"

ಹೌದು ಅಂದಿದ್ದರ ಬಾಗಿಲು ಆಗಲೇ ತೆರೀತಿತ್ತು. ಮೇಡಮ್ ಅಂದರು, "ಇಲ್ಲಪಾ. ಸುಳ್ಳು ಹೇಳಂಗಿಲ್ಲ. ನಡೀತಿ. ಗಾಡಿ ಹೊಡೀತಿ. ಹುಡುಗರಿಗೆ ಪಟ್ಟು ಕಲಸ್ತಿ."

ಅಳೋದು ಕೇಳಿಸ್ತು — ಬಾಳ ಹೊತ್ತು. ಆಮ್ಯಾಲ ಅಗಳಿ ಸರೀತು.

ಮುಂಬೈಯಾಗ ರೇಡಿಯೇಷನ್ ಆತು, ಆಪರೇಷನ್ ಆತು. ಮೇಡಮ್ ರಜೆ ಹಾಕಿ ಹೋಗಿ ಆಪರೇಷನ್ ಟೇಬಲ್ಲಿನ ಎದುರಿಗೆ ನಿಂತು ಗುರುಗಳಿಗೆ ಕೈಜೋಡಿಸಿದರು. ಸುತ್ತಲಿನ ಒಂದಿಷ್ಟು ಛಲೋ ಮಾಂಸದ ಸಮೇತ ಗಂಟು ತೆಗೆದರು. ಕಾಲು ಉಳೀತು.

ಅವರ ಹತ್ರ ಬಂದವರೆಲ್ಲ ಉಳಿದರು ಅಂತ ನಾ ಹೇಳಂಗಿಲ್ಲ. ತಡಾ ಆಗಿ ಬಂದವರಿದ್ದರು. ಅವರ ಮಂಚದ ಬಾಜೂಕೂ ಮೇಡಮ್ ಕೈ ಹಿಡಕೊಂಡು ಕುಂತದ್ದನ್ನ ನೋಡೇನಿ. ಡಾಕ್ಟರ್ ಅಂದ್ರ ಏನು ಅನ್ನೋದು ನನಗ ಅಲ್ಲಿ ತಿಳೀತು.

ಸಿದರಾಯ ಈಗ ಗರಡಿಯೊಳಗ ಹುಡುಗರಿಗೆ ಕಲಸಾಕತ್ತಾನ. ಮೇಡಮ್‌ರನ್ನ ಸ್ಮಶಾನಕ್ಕ ಒಯ್ಯುವಾಗ ನಾವೆಲ್ಲ ಹೆಗಲು ಬದಲಿಸಿದೆವು. ಅವನೊಬ್ಬ ಬದಲಿಸಲಿಲ್ಲ. "ಕಾಲು ನೋಯತೈತಿ, ಬಿಡಪಾ" ಅಂದೆ.

"ನೋಯ್ಲಿ ಬಿಡ್ರಿ ಸರ. ನೋಯಾಕ ಕಾಲು ಐತಲ್ರೀ" ಅಂದ.

ಇದರ ಮ್ಯಾಲ ನಾ ಹೇಳೋದೇನೂ ಉಳಿದಿಲ್ಲ. ದಯವಿಟ್ಟು ಎಲ್ಲರೂ ಏಳ್ರಿ. ತ್ರಿಶಲಾ ಮೇಡಮ್‌ರನ್ನ ಮನಸ್ಸಿನಾಗ ನೆನೆದು ಸ್ವಲ್ಪ ಹೊತ್ತು ಮಾತಿಲ್ಲದ ನಿಲ್ಲೋಣ —